ಹದಿಹರೆಯದ ಕ್ರೀಡಾಪಟುಗಳ ನಿದ್ರೆ: ಒಂದು ತುಲನಾತ್ಮಕ ಸಮೀಕ್ಷೆ

ಹದಿಹರೆಯದ ಕ್ರೀಡಾಪಟುಗಳ ನಿದ್ರೆ: ಸುಮಾರು 13ರಿಂದ 18ರವರೆಗಿನ ವಯಸ್ಸಿನ, ವ್ಯಾಸಂಗದ ಜೊತೆಯಲ್ಲಿಯೇ ಯಾವುದಾದರೊಂದು ಕ್ರೀಡೆಯಲ್ಲಿ ನಿಯತವಾದ ತರಬೇತಿಯನ್ನು ಪಡೆಯುತ್ತಿರುವ ಬಾಲಕ ಬಾಲಕಿಯರ ನಿದ್ರೆಯ ಪ್ರಮಾಣ, ಕಾಲ, ಗುಣ ಮತ್ತು ಕ್ರಮಬದ್ಧತೆಗಳನ್ನು ಅಂಥ ತರಬೇತಿಯಿಲ್ಲದ ಸಮವಯಸ್ಕರ ನಿದ್ರೆಯೊಡನೆ ಹೋಲಿಸಿ ಪರಿಶೀಲಿಸುವ ಅಧ್ಯಯನ. ನಿದ್ರಾವಿಜ್ಞಾನ, ಕ್ರೀಡಾವೈದ್ಯ ಮತ್ತು ಶಿಕ್ಷಣ ಈ ಮೂರು ಕ್ಷೇತ್ರಗಳು ಸಂಧಿಸುವ ಎಡೆಯಲ್ಲಿರುವ ಈ ವಿಷಯ ಮೊದಲು ಪ್ರಶ್ನಾವಳಿಗಳನ್ನೂ ದಿನಚರಿಗಳನ್ನೂ ಮಾತ್ರ ನೆಚ್ಚಿಕೊಂಡಿದ್ದು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಚಲನಮಾಪಕಗಳು ಬಳಕೆಗೆ ಬಂದ ತರುವಾಯ ಸಂಖ್ಯೆಗಳ ಆಧಾರವನ್ನು ಪಡೆದುಕೊಂಡಿತು. ಮೈ ದಣಿದವನಿಗೆ ನಿದ್ರೆ ತಾನಾಗಿ ಒಲಿಯುತ್ತದೆಂಬುದು ಲೋಕರೂಢಿಯ ನಂಬಿಕೆ. ಈ ನಂಬಿಕೆ ಅರ್ಧ ಸತ್ಯವೆಂಬುದನ್ನೂ, ಉಳಿದರ್ಧವನ್ನು ನಿರ್ಧರಿಸುವುದು ತರಬೇತಿಯ ವೇಳಾಪಟ್ಟಿಯೆಂಬುದನ್ನೂ ಈವರೆಗಿನ ಅಧ್ಯಯನಗಳು ತೋರಿಸಿಕೊಟ್ಟಿವೆ.

ತಾರುಣ್ಯದ ನಿದ್ರೆಯ ಸ್ವರೂಪ

ಬಾಲ್ಯ ಕಳೆದಂತೆಲ್ಲ ನಿದ್ರೆಯ ಅಗತ್ಯವೂ ಕುಗ್ಗುತ್ತ ಹೋಗುತ್ತದೆಂದು ಬಹುಕಾಲ ಭಾವಿಸಲಾಗಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ನಡೆದ ಬೇಸಗೆಯ ನಿದ್ರಾಶಿಬಿರಗಳಲ್ಲಿ ಮೇರಿ ಕಾರ್ಸ್‌ಕಡಾನ್ ಮತ್ತು ಸಂಗಡಿಗರು ಅವವೇ ಮಕ್ಕಳನ್ನು ವರ್ಷವರ್ಷವೂ ಕರೆತಂದು, ರಾತ್ರಿ ಹತ್ತು ಗಂಟೆಗಳ ಅವಕಾಶವನ್ನಿತ್ತು ಮಲಗಿಸಿ ನೋಡಿದಾಗ, ವಯಸ್ಸು ಏರಿದರೂ ಮಕ್ಕಳು ನಿದ್ರಿಸುವ ಅವಧಿ ಸುಮಾರು ಒಂಬತ್ತು ಗಂಟೆಗಳಲ್ಲಿಯೇ ನಿಂತಿತು. ಅಷ್ಟು ನಿದ್ರಿಸಿಯೂ ಪ್ರಾಯಕ್ಕೆ ಬಂದವರಲ್ಲಿ ಹಗಲಿನ ತೂಕಡಿಕೆ ಹೆಚ್ಚಾಗಿಯೇ ಕಂಡುಬಂದಿತು. ಅಗತ್ಯ ಕಡಿಮೆಯಾಗಿರಲಿಲ್ಲ, ಮನೆಯಲ್ಲಿಯೂ ಶಾಲೆಯಲ್ಲಿಯೂ ಅದಕ್ಕೆ ಸಿಗುತ್ತಿದ್ದ ಅವಕಾಶ ಮಾತ್ರ ಕಡಿಮೆಯಾಗಿತ್ತು. ಅಮೆರಿಕದ ನಿದ್ರಾವೈದ್ಯ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಸಮ್ಮತಿಯ ಪ್ರಕಾರ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯಕ.

ಪ್ರಮಾಣ ಬದಲಾಗದಿದ್ದರೂ ನಿದ್ರೆಯ ಕಾಲ ಬದಲಾಗುತ್ತದೆ. ಜ಼ೂರಿಕ್‌ನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ಸಿದ್ಧಾಂತದಂತೆ ನಿದ್ರೆಯನ್ನು ಎರಡು ಶಕ್ತಿಗಳು ಆಳುತ್ತವೆ: ಎಚ್ಚರವಿದ್ದಷ್ಟು ಹೊತ್ತೂ ಸಂಚಯವಾಗುತ್ತ ಹೋಗುವ ನಿದ್ರಾಒತ್ತಡವೊಂದು, ಮಿದುಳಿನ ತಳಭಾಗದ ಹೈಪೊಥಲಾಮಸ್‌ನಲ್ಲಿ ನೆಲೆಗೊಂಡು ಬೆಳಕಿಗೆ ಅನುಸಾರವಾಗಿ ತಿದ್ದಿಕೊಳ್ಳುತ್ತಿರುವ ಜೈವಿಕ ಗಡಿಯಾರ ಮತ್ತೊಂದು. ಪ್ರಾಯಪ್ರವೇಶದೊಡನೆ ಮೊದಲನೆಯದರ ಸಂಚಯ ನಿಧಾನಗೊಳ್ಳುತ್ತದೆ, ಎರಡನೆಯದು ಹಿಂದೆ ಬೀಳುತ್ತದೆ. ಕತ್ತಲಾದ ಮೇಲೆ ಸ್ರವಿಸತಕ್ಕ ಮೆಲಟೋನಿನ್ ಎಂಬ ಹಾರ್ಮೋನು ತಡವಾಗಿ ಏರತೊಡಗುತ್ತದೆ. ಈ ವಿಲಂಬ 20 ವರ್ಷದ ಆಸುಪಾಸಿನಲ್ಲಿ ಪರಾಕಾಷ್ಠೆಯನ್ನು ಮುಟ್ಟಿ ಅನಂತರ ಇಳಿಮುಖವಾಗುವುದನ್ನು ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ತೋರಿಸಿ, ತಾರುಣ್ಯದ ಮುಕ್ತಾಯಕ್ಕೆ ಇದನ್ನೇ ಒಂದು ಜೈವಿಕ ಲಕ್ಷಣವೆಂದು ಪರಿಗಣಿಸಬಹುದೆಂದು ಸೂಚಿಸಿದರು. ಆದುದರಿಂದ ಹದಿನಾರರ ಹುಡುಗನೊಬ್ಬ ರಾತ್ರಿ ಹನ್ನೊಂದಾದರೂ ಹಾಸಿಗೆಯಲ್ಲಿ ಹೊರಳಾಡುತ್ತಿದ್ದು ಬೆಳಿಗ್ಗೆ ಆರಕ್ಕೆ ಏಳಲಾರದೆ ಹೋದರೆ, ಅದನ್ನು ಕೇವಲ ಆಲಸ್ಯವೆಂದಾಗಲಿ ಮೊಬೈಲಿನ ದುಶ್ಚಟವೆಂದಾಗಲಿ ತೀರ್ಮಾನಿಸಲು ಬರುವುದಿಲ್ಲ. ಮೊಬೈಲಿನ ಬೆಳಕೂ ಅದರೊಳಗಿನ ಆಕರ್ಷಣೆಗಳೂ ಆಗಲೇ ಹಿಂದೆ ಬಿದ್ದಿರುವ ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತವೆಂಬುದು ಬೇರೆ ಮಾತು.

ಅಳತೆಯ ಸಾಧನಗಳು

ನಿದ್ರೆಯ ಪ್ರಮಾಣಭೂತವಾದ ಪರೀಕ್ಷೆ ಪಾಲಿಸೋಮ್ನೋಗ್ರಫಿ. ಮಿದುಳಿನ ವಿದ್ಯುತ್ತರಂಗ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ ಮೊದಲಾದವನ್ನು ಏಕಕಾಲದಲ್ಲಿ ದಾಖಲಿಸುವ ಈ ವಿಧಾನಕ್ಕೆ, ಶಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ 1953ರಲ್ಲಿ ಕ್ಷಿಪ್ರನೇತ್ರಚಲನೆಯ ನಿದ್ರೆಯನ್ನು ವರದಿ ಮಾಡಿದ ಮೇಲೆ ಪ್ರಾಮುಖ್ಯ ಬಂದಿತು. ಆದರೆ ತಲೆಗೂ ಮುಖಕ್ಕೂ ತಂತಿಗಳನ್ನು ಅಂಟಿಸಿಕೊಂಡು ಪ್ರಯೋಗಾಲಯದಲ್ಲಿ ಮಲಗುವ ಒಂದೆರಡು ರಾತ್ರಿಗಳಿಂದ, ಪಂದ್ಯ, ಪರೀಕ್ಷೆ, ಪ್ರಯಾಣಗಳ ನಡುವೆ ಏರುಪೇರಾಗುತ್ತಿರುವ ಬಾಲಕನೊಬ್ಬನ ಎಂದಿನ ನಿದ್ರೆ ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲು 1970ರ ದಶಕದಿಂದ ಬೆಳೆದುಬಂದುದು ಆಕ್ಟಿಗ್ರಫಿ. ಕೈಗಡಿಯಾರದಂತಿರುವ ಉಪಕರಣದೊಳಗಿನ ವೇಗೋತ್ಕರ್ಷಮಾಪಕವು ಕೈಯ ಚಲನೆಯನ್ನು ಸಾಮಾನ್ಯವಾಗಿ ನಿಮಿಷಕ್ಕೊಂದು ಸಂಖ್ಯೆಯಾಗಿ ದಾಖಲಿಸುತ್ತದೆ. ಯಾವುದೊಂದು ನಿಮಿಷವನ್ನು ನಿದ್ರೆಯೆಂದು ಎಣಿಸಬೇಕೆ, ಎಚ್ಚರವೆಂದು ಎಣಿಸಬೇಕೆ ಎಂಬುದನ್ನು ಆ ನಿಮಿಷದ ಚಲನೆಯೊಂದರಿಂದಲೇ ಅಲ್ಲದೆ ಅದರ ಹಿಂದುಮುಂದಿನ ನಿಮಿಷಗಳ ಚಲನೆಯನ್ನೂ ಕೂಡಿಸಿ ತೂಗಿ ಗಣಿತಸೂತ್ರವೊಂದು ನಿರ್ಣಯಿಸುತ್ತದೆ. ಇಂಥ ಸೂತ್ರಗಳಲ್ಲಿ ರೋಜರ್ ಕೋಲ್ ಮತ್ತು ಡೇನಿಯಲ್ ಕ್ರಿಪ್ಕೆ ಮೊದಲಾದವರು 1992ರಲ್ಲಿ ರೂಪಿಸಿದುದೂ, ಆವಿ ಸಾದೆ ಮತ್ತು ಸಂಗಡಿಗರು 1994ರಲ್ಲಿ ರೂಪಿಸಿದುದೂ ಪ್ರಸಿದ್ಧವಾಗಿವೆ. ಎರಡನೆಯದನ್ನು ತರುಣರ ಮೇಲೆಯೂ ಪರೀಕ್ಷಿಸಿದ್ದುದರಿಂದ ಹದಿಹರೆಯದವರ ಅಧ್ಯಯನಗಳಲ್ಲಿ ಅದರ ಬಳಕೆ ಹೆಚ್ಚು.

ಮಾರುಕಟ್ಟೆಯ ಉಪಕರಣಗಳ ಕಾಲ ಇದರ ಅನಂತರದ್ದು. ಫಿಟ್‌ಬಿಟ್ ಸಂಸ್ಥೆಯ ಮೊದಲ ಸಾಧನ 2009ರಲ್ಲಿ ಹೊರಬಂದಿತು. ಸ್ಮಾರ್ಟ್‌ವಾಚ್‌ಗಳು, ಫಿನ್ಲೆಂಡಿನ ಓರಾ ಉಂಗುರ, ಕ್ರೀಡಾಪಟುಗಳನ್ನೇ ಉದ್ದೇಶಿಸಿದ ವೂಪ್ ಪಟ್ಟಿ ಮೊದಲಾದುವು ಅದರ ಹಿಂದೆಯೇ ಬಂದುವು. ಇವು ಚಲನೆಯೊಡನೆ ನಾಡಿಯನ್ನೂ ಅಳೆಯುತ್ತವೆ: ಚರ್ಮದ ಮೇಲೆ ಬೀರಿದ ಬೆಳಕು, ಕೈಗಡಿಯಾರಗಳಲ್ಲಿ ಸಾಮಾನ್ಯವಾಗಿ ಹಸುರು ಬೆಳಕು, ರಕ್ತದ ಏರಿಳಿತಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗಿ ಹಿಂತಿರುಗುವುದನ್ನು ಗ್ರಹಿಸಿ, ಹೃದಯಬಡಿತದ ಗತಿಯನ್ನೂ ಅದರ ವ್ಯತ್ಯಯವನ್ನೂ ಕಂಡುಹಿಡಿದು, ಅವುಗಳಿಂದ ಗಾಢನಿದ್ರೆ, ಲಘುನಿದ್ರೆ, ಸ್ವಪ್ನನಿದ್ರೆ ಎಂಬ ಹಂತಗಳನ್ನು ಊಹಿಸುತ್ತವೆ. ಹಂತಗಳ ಈ ವಿಂಗಡಣೆ ಅಂದಾಜೇ ಹೊರತು ಮಿದುಳಿನ ತರಂಗಗಳ ನೇರವಾದ ಅಳತೆಯಲ್ಲ.

ಆಕ್ಟಿಗ್ರಫಿಯ ಸಾಮರ್ಥ್ಯವೂ ದೌರ್ಬಲ್ಯವೂ ಒಂದೇ ಮೂಲದಿಂದ ಬಂದವು. ನಿದ್ರೆಯನ್ನು ನಿದ್ರೆಯೆಂದು ಗುರುತಿಸುವಲ್ಲಿ ಅದು ಸಾಮಾನ್ಯವಾಗಿ 90 ಪ್ರತಿಶತಕ್ಕೂ ಮಿಗಿಲಾಗಿ ನಿಖರ. ಎಚ್ಚರವನ್ನು ಎಚ್ಚರವೆಂದು ಗುರುತಿಸುವಲ್ಲಿ ಅದಕ್ಕಿಂತ ಬಹಳ ಕೆಳಗೆ ನಿಲ್ಲುತ್ತದೆ, ಏಕೆಂದರೆ ಅಲುಗದೆ ಮಲಗಿ ನಾಳಿನ ಪಂದ್ಯವನ್ನು ಚಿಂತಿಸುತ್ತಿರುವವನೂ ಅದರ ದೃಷ್ಟಿಯಲ್ಲಿ ನಿದ್ರಿಸುತ್ತಿರುವವನೇ. ಹದಿಹರೆಯದ ಬಾಲಕರಲ್ಲಿ ಇದರ ವಿಪರ್ಯಾಸವನ್ನೂ ಕಾಣಬಹುದು: ನಿದ್ರೆಯಲ್ಲಿಯೇ ಹೆಚ್ಚು ಹೊರಳಾಡುವ ಅವರ ವಿಷಯದಲ್ಲಿ ಯಂತ್ರ ನಿದ್ರೆಯನ್ನೇ ಎಚ್ಚರವೆಂದು ಎಣಿಸಿ, ದಿನಚರಿಯಲ್ಲಿ ಬರೆದುದಕ್ಕಿಂತ ಬಹಳ ಕಡಿಮೆಯ ನಿದ್ರೆಯನ್ನು ತೋರಿಸುವುದುಂಟು. ಈ ಕಾರಣದಿಂದ ಉಪಕರಣವನ್ನು ಬಳಕೆಯಲ್ಲದ ಕೈಗೆ ಕಟ್ಟಿ, ಮಲಗಿದ ಮತ್ತು ಎದ್ದ ವೇಳೆಗಳನ್ನು ಪ್ರತಿದಿನವೂ ದಿನಚರಿಯಲ್ಲಿ ಬರೆಯಿಸಿ, ಎರಡನ್ನೂ ಕೂಡಿಸಿ ಓದುವುದು ವಾಡಿಕೆ. ಕ್ರಿಸ್ಟೀನ್ ಅಸೆಬೊ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ ಮಕ್ಕಳ ಹಾಗೂ ತರುಣರ ವಿಷಯದಲ್ಲಿ ನಂಬಲರ್ಹವಾದ ಸರಾಸರಿಗೆ ಕನಿಷ್ಠ ಐದು ರಾತ್ರಿಗಳ ಶುದ್ಧವಾದ ದಾಖಲೆ ಬೇಕು. ಕೆಲವು ರಾತ್ರಿಗಳು ನಷ್ಟವಾಗುವುದು ಸಹಜವಾದುದರಿಂದ ವಾರಕ್ಕೆ ಕಡಿಮೆಯಿಲ್ಲದಂತೆ ಅಳೆಯುವುದು ಉಚಿತ.

ಅಳೆಯುವ ಅಂಶಗಳು

ಈ ಅಧ್ಯಯನಗಳಲ್ಲಿ ಪದೇಪದೇ ಬರುವ ಅಂಶಗಳು ಐದು: ಹಾಸಿಗೆಯಲ್ಲಿದ್ದ ಒಟ್ಟು ಕಾಲ, ನಿದ್ರೆ ಹತ್ತಲು ಹಿಡಿದ ಕಾಲ, ನಡುವೆ ಎಚ್ಚರವಾಗಿದ್ದ ಕಾಲ, ಇವೆರಡನ್ನೂ ಕಳೆದು ಉಳಿದ ನಿಜವಾದ ನಿದ್ರಾವಧಿ, ಹಾಸಿಗೆಯಲ್ಲಿದ್ದ ಕಾಲದಲ್ಲಿ ನಿದ್ರೆ ಎಷ್ಟು ಪ್ರತಿಶತ ಎಂಬುದನ್ನು ಹೇಳುವ ನಿದ್ರಾದಕ್ಷತೆ. ಇವುಗಳ ಪರಸ್ಪರ ಸಂಬಂಧವನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು. ಮುಂಜಾವಿನ ತರಬೇತಿಗೆ ಹೋಗತಕ್ಕ ಈಜುಗಾರ್ತಿಯೊಬ್ಬಳು ರಾತ್ರಿ 10-30ಕ್ಕೆ ಮಲಗಿ 5 ಗಂಟೆಗೆ ಏಳುತ್ತಾಳೆನ್ನೋಣ. ಹಾಸಿಗೆಯಲ್ಲಿದ್ದುದು 390 ನಿಮಿಷ. ನಿದ್ರೆ ಹತ್ತಲು 20 ನಿಮಿಷವೂ ನಡುವಣ ಎಚ್ಚರಕ್ಕೆ 35 ನಿಮಿಷವೂ ಕಳೆದರೆ ಉಳಿಯುವುದು 335 ನಿಮಿಷ, ಅಂದರೆ ಐದೂವರೆ ಗಂಟೆಗಿಂತ ತುಸು ಹೆಚ್ಚು. ದಕ್ಷತೆ ಸುಮಾರು 86 ಪ್ರತಿಶತ. ಆಟದ ಗೋಜಿಲ್ಲದ ಅವಳ ಸಹಪಾಠಿ 12ಕ್ಕೆ ಮಲಗಿ 7-30ಕ್ಕೆ ಎದ್ದು, ನಿದ್ರೆ ಹತ್ತಲು 30 ನಿಮಿಷವನ್ನೂ ನಡುವಣ ಎಚ್ಚರದಲ್ಲಿ 40 ನಿಮಿಷವನ್ನೂ ಕಳೆದರೆ, 450 ನಿಮಿಷಗಳಲ್ಲಿ ಅವಳಿಗೆ ದಕ್ಕಿದ ನಿದ್ರೆ 380 ನಿಮಿಷ. ದಕ್ಷತೆ ಸುಮಾರು 84 ಪ್ರತಿಶತ. ದಕ್ಷತೆಯೊಂದನ್ನೇ ನೋಡುವವರು ಈಜುಗಾರ್ತಿಯ ನಿದ್ರೆಯೇ ಮೇಲೆಂದು ಹೇಳಿಯಾರು. ಅವಳಿಗೆ ಮುಕ್ಕಾಲು ಗಂಟೆ ಕಡಿಮೆ ನಿದ್ರೆಯಾಗಿದೆಯೆಂಬ, ಇಬ್ಬರೂ ಎಂಟು ಗಂಟೆಯ ಸಮೀಪಕ್ಕೂ ಸುಳಿದಿಲ್ಲವೆಂಬ ಸಂಗತಿ ಆ ಅಂಕಿಯ ಹಿಂದೆ ಮರೆಯಾಗುತ್ತದೆ.

ಇವಲ್ಲದೆ ನಿದ್ರೆಯ ಮಧ್ಯಬಿಂದುವನ್ನೂ ಗಣಿಸುವುದುಂಟು. ವಾರದ ದಿನಗಳಲ್ಲಿ ರಾತ್ರಿ ಎರಡರ ಸುಮಾರಿಗೆ ಬೀಳುವ ಈ ಬಿಂದು ಭಾನುವಾರ ಐದಕ್ಕೆ ಸರಿದರೆ, ಆ ಮೂರು ಗಂಟೆಗಳ ಅಂತರವನ್ನು ಸಾಮಾಜಿಕ ಜೆಟ್‌ಲ್ಯಾಗ್ ಎಂದು ಕರೆಯುತ್ತಾರೆ. ದೇಹದ ಗಡಿಯಾರಕ್ಕೂ ಸಮಾಜದ ಗಡಿಯಾರಕ್ಕೂ ಇರುವ ವಿರಸದ ಅಳತೆ ಇದು.

ತುಲನಾತ್ಮಕ ಅಧ್ಯಯನಗಳು

ಸ್ವಿಟ್ಜರ್ಲೆಂಡಿನ ಸರ್ಜ್ ಬ್ರಾಂಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳವಾಗಿ ಉಲ್ಲೇಖಗೊಳ್ಳುವಂಥದು. ವಾರಕ್ಕೆ ಸುಮಾರು ಹದಿನೇಳೂವರೆ ಗಂಟೆ ವ್ಯಾಯಾಮ ಮಾಡುವ 258 ಕ್ರೀಡಾಪಟುಗಳನ್ನು, ವಾರಕ್ಕೆ ಐದು ಗಂಟೆಯೂ ಮುಟ್ಟದ 176 ಮಂದಿ ಸಮವಯಸ್ಕರೊಡನೆ ಹೋಲಿಸಿದಾಗ, ಕ್ರೀಡಾಪಟುಗಳಿಗೆ ನಿದ್ರೆ ಬೇಗ ಹತ್ತುತ್ತದೆ, ನಡುವೆ ಎಚ್ಚರವಾಗುವುದು ಕಡಿಮೆ, ಹಗಲಿನ ಏಕಾಗ್ರತೆಯೂ ಮನಸ್ಸಿನ ಪ್ರಸನ್ನತೆಯೂ ಹೆಚ್ಚು ಎಂದು ಕಂಡುಬಂದಿತು. ಆದರೆ ಈ ಮಾಹಿತಿ ಬಂದುದು ಅವರವರೇ ತುಂಬಿದ ದಿನಚರಿಗಳಿಂದ, ಯಂತ್ರದಿಂದಲ್ಲ. ಇದೇ ಗುಂಪಿನ ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ಮತ್ತೊಂದು ಪ್ರಯೋಗ, ನದೀಮ್ ಕಲಾಕ್ ಮೊದಲ ಲೇಖಕರಾಗಿದ್ದುದು, ಕಾರಣಕಾರ್ಯಸಂಬಂಧಕ್ಕೆ ಇನ್ನೂ ಹತ್ತಿರ ಹೋಯಿತು: ವಾರದ ದಿನಗಳಂದು ಬೆಳಿಗ್ಗೆ ಅರ್ಧ ಗಂಟೆ ಮಿತವೇಗದಲ್ಲಿ ಓಡಿದ ತರುಣರಲ್ಲಿ ಮೂರೇ ವಾರಗಳಲ್ಲಿ ಗಾಢನಿದ್ರೆಯ ಪ್ರಮಾಣ ಹೆಚ್ಚಿದುದೂ ನಿದ್ರೆ ಹತ್ತುವ ಕಾಲ ಕುಗ್ಗಿದುದೂ ಮಿದುಳಿನ ತರಂಗಗಳ ದಾಖಲೆಯಿಂದಲೇ ಸಿದ್ಧಪಟ್ಟಿತು. ಮಿತವಾದ ವ್ಯಾಯಾಮ ನಿದ್ರೆಗೆ ಹಿತವೆಂಬ ರೂಢಿಯ ಮಾತಿಗೆ ಇಷ್ಟು ಆಧಾರವುಂಟು.

ತರಬೇತಿ ಮಿತವನ್ನು ದಾಟಿ ಸ್ಪರ್ಧೆಯ ಮಟ್ಟಕ್ಕೇರಿದಾಗ, ಅಳತೆಯೂ ದಿನಚರಿಯಿಂದ ಯಂತ್ರಕ್ಕೆ ಬಂದಾಗ, ಚಿತ್ರ ಬೇರೆಯಾಗುತ್ತದೆ. ಬ್ರಿಟನ್ನಿನ ಒಲಿಂಪಿಕ್ ಕ್ರೀಡೆಗಳ ಪಟುಗಳನ್ನು ಕ್ರೀಡಾಪಟುಗಳಲ್ಲದವರೊಡನೆ ಹೋಲಿಸಿ ಜೊನಾಥನ್ ಲೀಡರ್ ಮೊದಲಾದವರು 2012ರಲ್ಲಿ ಪ್ರಕಟಿಸಿದ ಆಕ್ಟಿಗ್ರಫಿ ಅಧ್ಯಯನದಲ್ಲಿ ಪಟುಗಳು ಹಾಸಿಗೆಯಲ್ಲಿ ಹೆಚ್ಚು ಹೊತ್ತು ಕಳೆದರೂ ಅವರ ನಿದ್ರಾದಕ್ಷತೆ ಸುಮಾರು 81 ಪ್ರತಿಶತವಾಗಿಯೂ ಇತರರದು ಸುಮಾರು 89 ಪ್ರತಿಶತವಾಗಿಯೂ ಇದ್ದಿತು. ಚಾರ್ಲಿ ಸಾರ್ಜೆಂಟ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ಏಳು ಮಂದಿ ಉನ್ನತ ಶ್ರೇಣಿಯ ಈಜುಗಾರರನ್ನು ಹದಿನಾಲ್ಕು ದಿನಗಳ ಕಾಲ ಅಳೆದು 2014ರಲ್ಲಿ ಪ್ರಕಟಿಸಿದ ವರದಿ ಇನ್ನೂ ಸ್ಪಷ್ಟ: ಬೆಳಿಗ್ಗೆ ಆರಕ್ಕೆ ನೀರಿಗಿಳಿಯಬೇಕಾಗಿದ್ದ ದಿನಗಳ ಹಿಂದಿನ ರಾತ್ರಿ ಅವರಿಗೆ ದೊರೆತ ನಿದ್ರೆ ಸರಾಸರಿ 5.4 ಗಂಟೆ; ವಿಶ್ರಾಂತಿಯ ದಿನಗಳ ಹಿಂದಿನ ರಾತ್ರಿ 7.1 ಗಂಟೆ. ಇವರಾರೂ ಶಾಲಾಬಾಲಕರಲ್ಲವೆಂಬುದನ್ನು ಮರೆಯಬಾರದು. ಆದರೂ ವ್ಯಕ್ತಿ ಅವನೇ, ದೇಹ ಅದೇ, ಬದಲಾದುದು ಬೆಳಗಿನ ಗಂಟೆಯೊಂದೇ ಆಗಿರುವ ಈ ಹೋಲಿಕೆ, ಗಡಿಯಾರ ಸ್ವಭಾವತಃ ಹಿಂದೆ ಬಿದ್ದಿರುವ ಹದಿಹರೆಯದವರಿಗೆ ಇನ್ನೂ ಬಲವಾಗಿ ಅನ್ವಯಿಸಬೇಕಾದುದು.

ಕ್ರೀಡೆಯ ಪ್ರಸ್ತಾಪವೇ ಇಲ್ಲದ ಒಂದು ಅಧ್ಯಯನವೂ ಇದೇ ನಿರ್ಣಯದ ಕಡೆಗೆ ಕೈತೋರಿಸುತ್ತದೆ. ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ತನ್ನ ಪ್ರೌಢಶಾಲೆಗಳ ಆರಂಭವನ್ನು ಬೆಳಿಗ್ಗೆ 7-50ರಿಂದ 8-45ಕ್ಕೆ ಮುಂದೂಡಿದಾಗ, ಎರಡು ಶಾಲೆಗಳ ವಿದ್ಯಾರ್ಥಿಗಳ ಮಣಿಕಟ್ಟಿಗೆ ಉಪಕರಣ ಕಟ್ಟಿ ಮೊದಲೂ ಅನಂತರವೂ ಅಳೆದು 2018ರಲ್ಲಿ ಪ್ರಕಟಿಸಿದಂತೆ, ನಿದ್ರೆ ಸುಮಾರು 34 ನಿಮಿಷ ಹೆಚ್ಚಿತು. ತಡವಾಗಿ ಏಳಬಹುದಾದರೆ ಮಕ್ಕಳು ಅಷ್ಟೇ ತಡವಾಗಿ ಮಲಗಿಬಿಡುತ್ತಾರೆಂಬ ಆಕ್ಷೇಪಕ್ಕೆ ಇದು ಉತ್ತರವಾಯಿತು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2022ರ ಜುಲೈನಿಂದ, ಕೆಲವು ಗ್ರಾಮೀಣ ಪ್ರದೇಶಗಳನ್ನು ಬಿಟ್ಟು, ಪ್ರೌಢಶಾಲೆಗಳು 8-30ಕ್ಕೆ ಮೊದಲು ಆರಂಭವಾಗಕೂಡದೆಂಬ ಕಾನೂನು ಜಾರಿಯಲ್ಲಿದೆ.

ಭೇದದ ಕಾರಣಗಳು

ಇಬ್ಬಗೆಯ ತರುಣರಲ್ಲಿ ಕಾಣುವ ಭೇದಕ್ಕೆ ದೈಹಿಕ, ಕಾಲಿಕ, ಮಾನಸಿಕ ಎಂಬ ಮೂರು ಬಗೆಯ ಕಾರಣಗಳನ್ನು ಹೇಳಬಹುದು. ದೈಹಿಕ ಕಾರಣ ಹೆಚ್ಚಾಗಿ ಕ್ರೀಡಾಪಟುವಿಗೆ ಅನುಕೂಲವಾದುದು: ಶ್ರಮ ನಿದ್ರಾಒತ್ತಡವನ್ನು ಏರಿಸುತ್ತದೆ, ಹೊರಾಂಗಣದ ಹಗಲಬೆಳಕು ಗಡಿಯಾರವನ್ನು ಸರಿಯಾದ ಗತಿಯಲ್ಲಿರಿಸುತ್ತದೆ. ಕಾಲಿಕ ಕಾರಣ ಪ್ರತಿಕೂಲವಾದುದು: ಶಾಲೆಗೆ ಮೊದಲೊಂದು, ಅನಂತರವೊಂದು ಎಂದು ಎರಡು ಹೊತ್ತಿನ ತರಬೇತಿ, ಅವೆರಡರ ನಡುವೆ ಪ್ರಯಾಣ, ಇವೆಲ್ಲ ಮುಗಿದ ಮೇಲೆ ಉಳಿದ ಪಾಠ ಇವುಗಳಿಂದ ರಾತ್ರಿ ಎರಡು ಕಡೆಯಿಂದಲೂ ಸವೆಯುತ್ತದೆ. ಮಾನಸಿಕ ಕಾರಣ ಋತುವಿಗನುಸಾರವಾದುದು. ಪಂದ್ಯದ ಹಿಂದಿನ ರಾತ್ರಿ ನಿದ್ರೆ ಕೆಡುವುದೂ, ಸಂಜೆಯ ಪಂದ್ಯದ ಉದ್ವೇಗ ನಡುರಾತ್ರಿಯವರೆಗೆ ಇಳಿಯದಿರುವುದೂ ಆಟಗಾರರೆಲ್ಲರ ಅನುಭವ. ಸಂಜೆಯ ವ್ಯಾಯಾಮ ತನ್ನಷ್ಟಕ್ಕೆ ನಿದ್ರೆಗೆ ಶತ್ರುವಲ್ಲ. ಮಲಗುವುದಕ್ಕೆ ಒಂದು ಗಂಟೆಯೊಳಗೆ ಮುಗಿಯುವ ಕಠಿನ ಶ್ರಮ ಮಾತ್ರ ತೊಂದರೆ ಕೊಡಬಹುದೆಂಬುದು ಈ ವಿಷಯದ ಅಧ್ಯಯನಗಳನ್ನು ಕ್ರೋಡೀಕರಿಸಿದವರ ಅಭಿಮತ.

ಕ್ರೀಡಾಪಟುವಲ್ಲದವನ ನಿದ್ರೆಯೂ ನಿರಾತಂಕವಾದುದೆಂದು ತಿಳಿಯಬಾರದು. ಅವನು ತಡವಾಗಿ ಏಳಬಹುದಾದರೂ ತಡವಾಗಿಯೇ ಮಲಗುತ್ತಾನೆ. ಮುಂಜಾವಿನ ಕರೆಯಿಲ್ಲದುದರಿಂದ ರಾತ್ರಿಯ ಓದಿಗೂ ಮನರಂಜನೆಗೂ ಎಲ್ಲೆಯಿರುವುದಿಲ್ಲ. ಒಬ್ಬನಿಗೆ ಬೆಳಗು ಬೇಗ ಬಂದು, ಇನ್ನೊಬ್ಬನಿಗೆ ರಾತ್ರಿ ತಡವಾಗಿ ಬಂದು, ಇಬ್ಬರೂ ನಷ್ಟಪಡುವುದು ಒಂದೇ ನಿಧಿಯನ್ನು.

ಪರಿಣಾಮಗಳು

ನಿದ್ರೆಯ ಕೊರತೆ ಕ್ರೀಡಾಪಟುವಿಗೆ ಮೊದಲು ತಟ್ಟುವುದು ಗಾಯದ ರೂಪದಲ್ಲಿ. ಮ್ಯಾಥ್ಯೂ ಮಿಲೆವ್‌ಸ್ಕಿ ಮತ್ತು ಸಂಗಡಿಗರು ಲಾಸ್ ಏಂಜಲಿಸ್‌ನ 112 ವಿದ್ಯಾರ್ಥಿ ಕ್ರೀಡಾಪಟುಗಳ ವಿಷಯದಲ್ಲಿ 2014ರಲ್ಲಿ ವರದಿ ಮಾಡಿದಂತೆ, ರಾತ್ರಿ ಎಂಟು ಗಂಟೆಗಿಂತ ಕಡಿಮೆ ನಿದ್ರಿಸುವವರಲ್ಲಿ ಗಾಯದ ಸಂಭವ ಉಳಿದವರಿಗಿಂತ 1.7 ಪಟ್ಟು. ಸ್ವೀಡನ್ನಿನ ಉನ್ನತ ಶ್ರೇಣಿಯ ತರುಣ ಪಟುಗಳನ್ನು ಕುರಿತ 2017ರ ಅಧ್ಯಯನವೂ ಎಂಟು ಗಂಟೆಗೆ ಮೀರಿ ನಿದ್ರಿಸುವವರಲ್ಲಿ ಗಾಯಗಳು ಕಡಿಮೆಯೆಂದೇ ತೋರಿಸಿತು. ಇವೆರಡರಲ್ಲಿಯೂ ನಿದ್ರೆಯನ್ನು ಹೇಳಿದವರು ಮಕ್ಕಳೇ. ಸಂಬಂಧ ಸಿದ್ಧವಾದರೂ ಕಾರಣ ಪೂರ್ಣವಾಗಿ ಸಿದ್ಧವಾದಂತಲ್ಲ. ನಿದ್ರೆಯನ್ನು ಹೆಚ್ಚಿಸಿದರೆ ಆಟ ಮೇಲಾಗುವುದೇ ಎಂಬ ಪ್ರಶ್ನೆಗೆ ಷೆರಿ ಮಾ ಅವರು ಸ್ಟ್ಯಾನ್‌ಫರ್ಡ್‌ನ ಹನ್ನೊಂದು ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ: ಐದರಿಂದ ಏಳು ವಾರಗಳ ಕಾಲ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಬೇಕೆಂದು ನಿಯಮಿಸಿದಾಗ ಅವರ ಓಟ ಚುರುಕಾಯಿತು, ಫ್ರೀ ಥ್ರೋಗಳ ನಿಖರತೆ 9 ಪ್ರತಿಶತ ಏರಿತು. ಹೋಲಿಕೆಗೆ ಬೇರೊಂದು ಗುಂಪಿಲ್ಲದುದು ಈ ಪ್ರಯೋಗದ ಕೊರತೆ.

ಅಧ್ಯಯನಗಳ ಇತಿಮಿತಿಗಳು

ಕ್ರೀಡಾಪಟುಗಳೂ ಇತರರೂ ಆಟದಲ್ಲಿ ಮಾತ್ರವೇ ಭಿನ್ನರಲ್ಲ. ಮನೆಯ ಅನುಕೂಲ, ಪೋಷಕರ ಶಿಸ್ತು, ಆಹಾರಕ್ರಮ, ಪ್ರಾಯದ ಹಂತ ಇವುಗಳಲ್ಲಿಯೂ ಭಿನ್ನರಾಗಿರಬಹುದು. ಈಜುಗಾರರು ನೀರಿಗಿಳಿಯುವಾಗ, ಕುಸ್ತಿ ಕಬಡ್ಡಿಗಳ ಆಟಗಾರರು ಅಂಕಣಕ್ಕಿಳಿಯುವಾಗ ಉಪಕರಣವನ್ನು ಕಳಚಿಡಬೇಕಾಗಿದ್ದು, ಮೇಜಿನ ಮೇಲೆ ನಿಶ್ಚಲವಾಗಿ ಬಿದ್ದಿರುವ ಯಂತ್ರ ಆ ಕಾಲವನ್ನು ನಿದ್ರೆಯೆಂದು ಎಣಿಸುವ ಅಪಾಯವುಂಟು. ಮಧ್ಯಾಹ್ನದ ಅರ್ಧಗಂಟೆಯ ನಿದ್ರೆಯನ್ನು ಕೆಲವು ಉಪಕರಣಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾರುಕಟ್ಟೆಯ ಸಾಧನಗಳ ಸೂತ್ರಗಳು ಕಂಪೆನಿಗಳ ಗುಟ್ಟಾಗಿದ್ದು, ಸಾಫ್ಟ್‌ವೇರ್ ಬದಲಾದೊಡನೆ ಅಳತೆಯೂ ಬದಲಾಗಬಹುದಾದುದರಿಂದ, ಹೋದ ವರ್ಷದ ಅಂಕಿಗೂ ಈ ವರ್ಷದ ಅಂಕಿಗೂ ಹೋಲಿಕೆ ಕಷ್ಟವಾಗುತ್ತದೆ. ಬೆಳಿಗ್ಗೆ ಎದ್ದೊಡನೆ ನಿದ್ರೆಯ ಅಂಕವನ್ನು ನೋಡಿ, ಅದು ಕಡಿಮೆಯಿದ್ದರೆ ದಿನವೆಲ್ಲ ಕಳವಳಪಡುವ ಹೊಸ ಬಗೆಯ ನಿದ್ರಾಚಿಂತೆಯನ್ನು ಅಮೆರಿಕದ ವೈದ್ಯರು 2017ರಲ್ಲಿ ಆರ್ಥೋಸೋಮ್ನಿಯಾ ಎಂದು ಹೆಸರಿಸಿದ್ದಾರೆ.

ಕರ್ನಾಟಕದ ಸಂದರ್ಭ

ಮುಂಜಾವಿನ ಅಭ್ಯಾಸಕ್ಕೆ ಕನ್ನಡನಾಡಿನಲ್ಲಿ ದೀರ್ಘವಾದ ಪರಂಪರೆಯಿದೆ. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಬೆಳಕು ಹರಿಯುವ ಮುನ್ನವೇ ಮಟ್ಟಿಗಿಳಿಯುತ್ತಿದ್ದುದು ಪ್ರಸಿದ್ಧ. ಆದರೆ ದೀಪ ಆರಿದೊಡನೆ ಊರು ಮಲಗುತ್ತಿದ್ದ ಆ ಕಾಲದಲ್ಲಿ ಮುಂಜಾವಿನ ಏಳುವಿಕೆ ನಿದ್ರೆಯನ್ನು ಕಸಿದುಕೊಳ್ಳುತ್ತಿರಲಿಲ್ಲ. ಆಯುರ್ವೇದವೂ ನಿದ್ರೆಯನ್ನು ಹಗುರವಾಗಿ ಎಣಿಸಿದುದಲ್ಲ. ಶರೀರವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ ಆಹಾರದ ಮಗ್ಗುಲಲ್ಲಿಯೇ ಚರಕಸಂಹಿತೆ ನಿದ್ರೆಯನ್ನು ಇರಿಸಿದೆ. ಇಂದಿನ ಬೆಂಗಳೂರಿನಲ್ಲಿ ಈಜು, ಬ್ಯಾಡ್ಮಿಂಟನ್, ಕ್ರಿಕೆಟ್‌ಗಳ ತರಬೇತಿ ಶಾಲೆಯ ಹಿಂದುಮುಂದಿನ ಗಂಟೆಗಳಲ್ಲಿ ನಡೆಯುತ್ತದೆ. ಉನ್ನತ ಸ್ಪರ್ಧೆಯೂ ಶಾಲಾವಯಸ್ಸಿನಲ್ಲಿಯೇ ಎದುರಾಗುತ್ತದೆ. ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಘು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದಾಗ ಆಕೆಯ ವಯಸ್ಸು 14. ಇದರ ಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು, ಟ್ಯೂಷನ್ನು, ನಗರದ ವಾಹನದಟ್ಟಣೆ ಇವು ಸೇರಿದರೆ ರಾತ್ರಿಗೆ ಉಳಿಯುವ ಗಂಟೆಗಳನ್ನು ಯಾವ ತಂದೆತಾಯಿಯೂ ಬೆರಳಿನಲ್ಲಿ ಎಣಿಸಬಹುದು. ಶಾಲೆಯ ವೇಳೆಯನ್ನು ನಿದ್ರೆಗಾಗಿ ತಿದ್ದಿದ ನಿದರ್ಶನ ನೆರೆಯ ಮಹಾರಾಷ್ಟ್ರದಲ್ಲಿದೆ; ಅಲ್ಲಿನ ಸರ್ಕಾರ 2024ರಲ್ಲಿ ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕೆ ಮೊದಲು ಆರಂಭವಾಗಬಾರದೆಂದು ಆದೇಶಿಸಿತು. ಗಡಿಯಾರ ನಿಜವಾಗಿ ಹಿಂದೆ ಬೀಳುವ ಪ್ರೌಢಶಾಲೆಯ ವಯಸ್ಸು ಈ ಆದೇಶದ ಹೊರಗೇ ಉಳಿಯಿತು.

ಉಪಕರಣಗಳ ವಿಷಯದಲ್ಲಿ ಕಾನೂನಿನ ಮಾತೂ ಉಂಟು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 18 ವರ್ಷ ತುಂಬದವರನ್ನು ಮಕ್ಕಳೆಂದು ಎಣಿಸಿ, ಅವರ ದತ್ತಾಂಶಕ್ಕೆ ಪೋಷಕರ ಪರಿಶೀಲಿತ ಸಮ್ಮತಿಯನ್ನು ವಿಧಿಸುತ್ತದೆ. ಮಗುವಿನ ನಾಡಿಯೂ ನಿದ್ರೆಯೂ ತರಬೇತುದಾರನ ಮೊಬೈಲಿಗೆ ಹೋಗುವ ಮೊದಲು ಈ ಸಮ್ಮತಿ ಇರತಕ್ಕದ್ದು.

ಉಪಸಂಹಾರ

ಈ ಅಧ್ಯಯನಗಳಿಂದ ಹೊರಡುವ ನಿರ್ಣಯ ಸರಳವಾದುದು. ಆಟ ನಿದ್ರೆಯನ್ನು ಕೆಡಿಸುವುದಿಲ್ಲ, ಆಟದ ವೇಳೆ ಕೆಡಿಸುತ್ತದೆ. ಮಣಿಕಟ್ಟಿನ ಯಂತ್ರ ಮಲಗಿದ ಎದ್ದ ಗಂಟೆಗಳನ್ನು ತಕ್ಕಮಟ್ಟಿಗೆ ನಂಬಿಕೆಯಾಗಿ ಹೇಳುತ್ತದೆ. ನಿದ್ರೆಯ ಹಂತಗಳನ್ನು ಕುರಿತು ಅದು ಹೇಳುವುದನ್ನು ಅಷ್ಟಾಗಿ ನೆಚ್ಚತಕ್ಕದ್ದಲ್ಲ. ಆದುದರಿಂದ ತರಬೇತುದಾರರೂ ಶಾಲೆಗಳೂ ಪೋಷಕರೂ ಒಂದೆರಡು ವಾರ ಆ ಗಂಟೆಗಳನ್ನು ಮಾತ್ರ ಅಳೆದು, ವಾರದ ದಿನಗಳಲ್ಲಿ ಎಂಟು ಗಂಟೆಯ ನಿದ್ರೆಗೆ ಎಡೆಯಿಲ್ಲವೆಂದು ಕಂಡಲ್ಲಿ, ಮಗುವಿಗೆ ಬೇಗ ಮಲಗೆಂದು ಬುದ್ಧಿ ಹೇಳುವುದಕ್ಕೆ ಮೊದಲು ಬೆಳಗಿನ ತರಬೇತಿಯನ್ನು ಒಂದು ಗಂಟೆ ಮುಂದೂಡಿ ನೋಡತಕ್ಕದ್ದು.